ಬಸಯ್ಯ ಮಾಸ್ತರರ ಜೀವಂತ ಉದಾಹರಣೆ

ಬಾಗಲಕೋಟೆಯ ತರುಣ ಸನ್ಮಾರ್ಗ ಸಂಘದವರು ಊರಿಗೆ ಬಂದರೆಂದರೆ ಶಾಲೆಯಲ್ಲಿ ಮಧ್ಯಾಹ್ನದ ಮೇಲೆ ಪಾಠ ಇರುತ್ತಿರಲಿಲ್ಲ. ಹುಡುಗರಿಗೆ ಸಂಘದ ಮೇಲಿದ್ದ ಪ್ರೀತಿ ಅಷ್ಟೇ. ಮೈದಾನದಲ್ಲಿ ಜಮಖಾನೆ ಹಾಸುತ್ತಿದ್ದರು. ಧ್ವನಿವರ್ಧಕದ ಶಾಬುದ್ದೀನ ಬೇವಿನ ಗಿಡದ ಟೊಂಗೆಗೆ ಭೋಂಗಾ ಕಟ್ಟಿ, ಕೆಳಗಿಳಿದು, ಮೈಕಿಗೆ ಉಗುರಿನಿಂದ ಟಕಟಕ ಬಡಿದು ನೋಡುತ್ತಿದ್ದ. ಆಮೇಲೆ ಬಸಯ್ಯ ಮಾಸ್ತರರು ಎದ್ದು ನಿಂತು ಬೀಡಿ, ಇಸ್ಪೀಟು, ಸಿನಿಮಾ, ಕೆಟ್ಟ ಗೆಳೆತನ, ತಂದೆತಾಯಿಯರ ಸೇವೆ ಎಲ್ಲದರ ಮೇಲೂ ಮಾತಾಡುತ್ತಿದ್ದರು. ಹುಡುಗರು ನೆಲದ ಹರಳು ಆಯುತ್ತ, ಮುಂದೆ ಕೂತವನ ಬೆನ್ನಿನ ಮೇಲೆ ಬೆರಳಿನಿಂದ ಹೆಸರು ಬರೆಯುತ್ತ ಕೂತಿರುತ್ತಿದ್ದರು. ಕೊನೆಗೆ ಮಾಸ್ತರರು ಕನ್ನಡಕ ತೆಗೆದು, ಧೋತರದ ಚುಂಗಿನಿಂದ ಒರೆಸುತ್ತ, “ಇಷ್ಟೊತ್ತು ನಾ ಹೇಳಿದ್ದು ಬರೇ ಮಾತು. ಈಗ ಜೀವಂತ ಉದಾಹರಣೆ ನೋಡ್ರಿ” ಎಂದು ಪಕ್ಕಕ್ಕೆ ಕೈ ಮಾಡುತ್ತಿದ್ದರು.

ಆಗ ಅಂದಾನಪ್ಪ ಏಳುತ್ತಿದ್ದ. ಅವನು ಎದ್ದನೆಂದರೆ ಹರಳು ಆಯುವ ಕೈಗಳು ನಿಲ್ಲುತ್ತಿದ್ದವು.

ಅವನು ಹುನಗುಂದದ ಬದಿಯ ಹಳ್ಳಿಯವನು. ತಂದೆ ಸಣ್ಣಂದಿನಲ್ಲೇ ಹೋಗಿ, ತಾಯಿ ಗುರುಲಿಂಗವ್ವ ತನ್ನ ಅಣ್ಣನ ಮನೆಯಲ್ಲಿ ಇದ್ದುಕೊಂಡು ಮಗನನ್ನು ಓದಲು ಬಾಗಲಕೋಟೆಗೆ ಕಳಿಸಿದ್ದಳು. ಎಪ್ಪತ್ತೆರಡನೆಯ ಇಸವಿಯ ಸುಮಾರಿಗೆ ಬಾಗಲಕೋಟೆಯಲ್ಲಿ ಒಂದು ನಾಟಕ ಕಂಪನಿ ಮುಕ್ಕಾಮು ಹೂಡಿತ್ತು. ಅಂದಾನಪ್ಪ ಒಂದು ರಾತ್ರಿ ನೋಡಿದ, ಮರುದಿನ ನೋಡಿದ, ಆಮೇಲೆ ಕಂಪನಿ ಊರು ಬಿಟ್ಟಾಗ ಅವರ ಲಾರಿಯಲ್ಲಿ ಪರದೆಗಳ ಸುರುಳಿಯ ಮೇಲೆ ಕೂತು ಹೋಗಿಬಿಟ್ಟ. ಒಂದು ವರ್ಷ ತುಂಬುವ ಮೊದಲೇ ವಿಷಮಜ್ವರ ಹಿಡಿದು ತಿರುಗಿ ಬಂದ. ಆ ಅವಧಿಯಲ್ಲಿ ಅವನು ಮಾಡಿದ್ದೆಂದರೆ ಪರದೆ ಎಳೆದದ್ದು, ಪೊಲೀಸನ ಪಾತ್ರ ಮಾಡಿದ್ದು, ಒಂದೆರಡು ಸಲ ಸೋಡಾದಲ್ಲಿ ಯಾರೋ ಬೆರೆಸಿಕೊಟ್ಟದ್ದನ್ನು ಕುಡಿದು ವಾಂತಿ ಮಾಡಿಕೊಂಡದ್ದು.

ಬಾಗಲಕೋಟೆಯ ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಜ್ವರದಲ್ಲಿ ನಡುಗುತ್ತ ಮಲಗಿದ್ದವನನ್ನು ಗುರುತು ಹಿಡಿದವರು ಬಸಯ್ಯ ಮಾಸ್ತರರು. ಹೈಸ್ಕೂಲಿನಲ್ಲಿ ಅವನಿಗೆ ಕನ್ನಡ ಕಲಿಸಿದವರು. ಮನೆಗೆ ಹೊತ್ತುಕೊಂಡು ಹೋದರು, ದವಾಖಾನೆಗೆ ತೋರಿಸಿದರು, ತಾವೇ ಗಂಜಿ ಕಾಸಿ ಕುಡಿಸಿದರು, ನೆಟ್ಟಗಾದ ಮೇಲೆ ಹಳ್ಳಿಗೆ ಕರೆದೊಯ್ದು ತಾಯಿಯ ಕೈಗೆ ಒಪ್ಪಿಸಿದರು. ಆ ದಿನದಿಂದ ಗುರುಲಿಂಗವ್ವನಿಗೆ ಮಾಸ್ತರರೆಂದರೆ ಜಗಲಿಯ ಮೇಲಿನ ದೇವರಿಗೆ ಸಮ. ಮಗನನ್ನು ಮತ್ತೆ ಅವರ ಕೈಗೇ ಒಪ್ಪಿಸಿದಳು.

ಮಾಸ್ತರರು ಆಗಷ್ಟೇ ನಿವೃತ್ತರಾಗಿ ಸಂಘ ಕಟ್ಟಿದ್ದರು. ಹೆಂಡತಿ ಇರಲಿಲ್ಲ, ಮಕ್ಕಳಿರಲಿಲ್ಲ. ಹರೆಯದಲ್ಲಿ ಶಿವಯೋಗ ಮಂದಿರದಲ್ಲಿ ಕೆಲವು ಕಾಲ ಇದ್ದು ಬಂದವರು. ಹುಡುಗರು ಹಾಳಾಗುತ್ತಿದ್ದಾರೆಂಬ ಚಿಂತೆ ಅವರನ್ನು ನಿಜವಾಗಿಯೂ ನಿದ್ದೆಗೆಡಿಸುತ್ತಿತ್ತು. ದೀಪಾವಳಿ ಮುಗಿದ ಮೇಲೆ ಪರೀಕ್ಷೆಗಳು ಹತ್ತಿರ ಬರುವ ತನಕ ಬಾದಾಮಿ, ಹುನಗುಂದ, ಇಳಕಲ್ಲು ಎಂದು ಊರೂರಿಗೆ ಬಸ್ಸಿನಲ್ಲಿ ಹೋಗುತ್ತಿದ್ದರು. ಅಂದಾನಪ್ಪ ಅವರ ಚೀಲ ಹಿಡಿದುಕೊಂಡು ಜೊತೆಗೆ ಹೋಗುತ್ತಿದ್ದ.

ಅವನು ಮೊದಲ ಸಲ ಮಾತಾಡಿದ್ದು ಹುನಗುಂದದಲ್ಲಿ. ಮಾಸ್ತರರು ಭಾಷಣದ ನಡುವೆ ಕೆಮ್ಮು ಬಂದು ಕೂತರು. “ಅಂದಾನಿ, ಎದ್ದ ನಿಂತು ಎರಡ ಮಾತ ಹೇಳು. ನಿನಗೇನಾತು ಅಷ್ಟ ಹೇಳು” ಎಂದರು. ಅವನು ಹೇಳಿದ. ಮನೆ ಬಿಟ್ಟು ಹೋದದ್ದು, ಜ್ವರ ಬಂದದ್ದು, ಬಸ್‌ಸ್ಟ್ಯಾಂಡಿನ ಕಟ್ಟೆ. ಮೈದಾನ ಉಸಿರು ಬಿಗಿಹಿಡಿದು ಕೇಳಿತು. ತಿರುಗಿ ಬರುವಾಗ ಮಾಸ್ತರರು ಅವನ ಭುಜದ ಮೇಲೆ ಕೈ ಇಟ್ಟುಕೊಂಡೇ ಬಂದರು. ತಾವು ಜೀವಮಾನವಿಡೀ ಹೇಳಿದ್ದು ಹುಡುಗರ ಕಿವಿಗೆ ಬಿದ್ದಿರಲಿಲ್ಲ, ಇವನದು ಬಿತ್ತು ಎಂದರು. ಅದರಲ್ಲಿ ಹೊಟ್ಟೆಕಿಚ್ಚಿರಲಿಲ್ಲ.

ಮುಂದಿನ ಊರುಗಳಲ್ಲಿ ಮಾತು ಬೆಳೆಯಿತು. ಒಂದೆರಡು ಸಲ ಕುಡಿದದ್ದು ದಿನಾ ಕುಡಿದದ್ದಾಯಿತು. ಇಸ್ಪೀಟಿನ ಎಲೆ ಮುಟ್ಟದವನು ಮೈಮೇಲಿನ ಅಂಗಿ ಸೋತವನಾದ. ಹಿಂದೆ ಕೂತ ದೊಡ್ಡ ಹುಡುಗರಿಗೆ ತಟ್ಟುವುದಿಲ್ಲ, ತುಸು ಬಿರುಸು ಮಾಡು ಎಂದು ಮಾಸ್ತರರು ಹೇಳುತ್ತಿದ್ದರು. ಅವನು ಅನುಮಾನಿಸಿದರೆ ಅವರ ಬಳಿ ಉತ್ತರವಿತ್ತು.

“ಇದು ಸುಳ್ಳಲ್ಲ ಅಂದಾನಿ. ಹಿಂಗ ಆದಾವರು ಎಷ್ಟೋ ಮಂದಿ ಅದಾರ. ಅವರು ಬಂದು ಹೇಳೂದಿಲ್ಲ. ಅವರ ಬದಲಿ ನೀ ಹೇಳ್ತಿ.”

ಆದರೆ ತಾಯಿಯನ್ನು ಕೊಂದದ್ದು ಮಾಸ್ತರರಲ್ಲ. ಅದು ಅವನದೇ ಕೆಲಸ. ಬಾದಾಮಿಯಲ್ಲಿ ಒಂದು ಸಂಜೆ, ಕೆಂಪು ಬಂಡೆಯ ಮೇಲಿನ ಬಿಸಿಲು ಇಳಿಯುವ ಹೊತ್ತಿನಲ್ಲಿ, ಎದುರಿನ ಮುಖಗಳೆಲ್ಲ ತನ್ನ ಬಾಯಿಯನ್ನೇ ನೋಡುತ್ತಿದ್ದಾಗ ಅಂದಾನಪ್ಪನ ಮೈಮೇಲೆ ಏನೋ ಬಂದಂತಾಯಿತು. ತಾನು ತಿರುಗಿ ಮನೆಯ ಬಾಗಿಲಿಗೆ ಬಂದಾಗ ಬಾಗಿಲು ತೆರೆದಿತ್ತು, ಒಳಗೆ ಹೆಂಗಸರು ಕೂತಿದ್ದರು, ಮಗನ ಕೊರಗಿನಲ್ಲೇ ತಾಯಿ ಕಣ್ಣು ಮುಚ್ಚಿದ್ದಳು ಎಂದುಬಿಟ್ಟ. ಹೇಳಿ ಅತ್ತ. ಹುಡುಗರು ಅತ್ತರು, ಹೆಡ್‌ಮಾಸ್ತರರು ಅತ್ತರು. ಬಸಯ್ಯ ಮಾಸ್ತರರು ಬಾಗಲಕೋಟೆಯ ಬಸ್ಸಿನಲ್ಲಿ ಬಹಳ ಹೊತ್ತು ಕಿಟಕಿಯ ಹೊರಗೆ ನೋಡುತ್ತ ಕೂತರು. ಗುರುಲಿಂಗವ್ವ ಕಳೆದ ವಾರವಷ್ಟೇ ಅವರಿಗೆ ಸಜ್ಜೆಯ ರೊಟ್ಟಿ ಕಟ್ಟಿ ಕಳಿಸಿದ್ದಳು. ಅವನು ಬೈಗುಳಕ್ಕೆ ಕಾದ. ಬೈಗುಳ ಬರಲಿಲ್ಲ. ಊರು ಹತ್ತಿರ ಬಂದಾಗ ಮಾಸ್ತರರು, “ಆ ಕಡೀ ಮಾತು ಇರ್ಲಿ. ಹುನಗುಂದದಾಗ ಮಾತ್ರ ಬ್ಯಾಡ” ಎಂದರು.

ಹೀಗೆ ವರ್ಷಗಳು ಹೋದವು. ಮೊದಮೊದಲು ಅಂದಾನಪ್ಪನಿಗೆ ಅದು ಹಿತವಾಗಿಯೇ ಇತ್ತು. ಕಂಪನಿಯಲ್ಲಿ ಪೊಲೀಸನಾಗಿ ಎರಡು ಮಾತಾಡುತ್ತಿದ್ದವನಿಗೆ ಇಲ್ಲಿ ಇಡೀ ನಾಟಕ ಒಬ್ಬನದೇ. ಆದರೆ ಜೊತೆಯ ಹುಡುಗರು ನೌಕರಿ ಹಿಡಿದು, ಮದುವೆಯಾಗಿ, ಮಕ್ಕಳನ್ನು ಶಾಲೆಗೆ ಹಚ್ಚುವ ಹೊತ್ತು ಬಂತು. ಅವನು ಒಂದು ಶಾಲೆಗೆ ಸಿಪಾಯಿ ಕೆಲಸ ಕೇಳಲು ಹೋದ. ಅಲ್ಲಿಯ ಮುಖ್ಯಸ್ಥರು ಎದ್ದು ನಿಂತು ಕೈ ಹಿಡಿದು, ನಿಮ್ಮ ಮಾತು ಕೇಳಿ ನಮ್ಮ ಹುಡುಗರು ಸುಧಾರಿಸಿದರು ಎಂದರು. ಚಹಾ ತರಿಸಿದರು. ಕೆಲಸದ ಮಾತು ಬಂದಾಗ ಕಪಾಟಿನ ಬೀಗದ ಕಡೆ ನೋಡಿದರು. ಜೂಜಾಡಿದ ಮನುಷ್ಯನ ಕೈಗೆ ಬೀಗದ ಕೈ ಹೇಗೆ ಕೊಡುವುದು ಎಂದು ಬಾಯಿಬಿಟ್ಟು ಹೇಳಲಿಲ್ಲ, ಅಷ್ಟೇ. ಮತ್ತೊಂದು ವರ್ಷ ಹಳೆಯ ನಾಟಕ ಕಂಪನಿ ಬಾಗಲಕೋಟೆಗೆ ಮರಳಿ ಬಂತು. ಪರದೆ ಎಳೆಯುವ ಕೆಲಸವಾದರೂ ಆದೀತೆಂದು ಹೋದರೆ ಮಾಲಕ ಅವನನ್ನು ಮೇಲಿನಿಂದ ಕೆಳಗೆ ನೋಡಿದ. ಕಂಪನಿಯಿಂದ ಕೆಟ್ಟೆನೆಂದು ಊರೂರು ಸಾರಿಕೊಂಡು ಬರುವವನು ನೀನೇ ಅಲ್ಲವೇ, ನಿನ್ನಿಂದಾಗಿ ಮಂದಿ ಹುಡುಗರನ್ನು ನಾಟಕಕ್ಕೆ ಕಳಿಸುವುದಿಲ್ಲ ಎಂದು ಬಾಗಿಲಿನಿಂದಲೇ ಕಳಿಸಿದ.

ಪೇಟೆಯ ಕಿರಾಣಿ ಅಂಗಡಿಯ ಮೇಲೆ ಮಾಸ್ತರರೂ ತಾನೂ ಇರುತ್ತಿದ್ದ ಸಂಘದ ಕೋಣೆಗೆ ತಿರುಗಿ ಬಂದು ಅವನು ಗೋಡೆಗೆ ಒರಗಿ ಕೂತ. ಮಾಸ್ತರರು ಅವನ ಪಾಲಿನ ಅನ್ನ ಮುಚ್ಚಿಟ್ಟಿದ್ದರು. ಅವರ ಕಣ್ಣು ಮಂಜಾಗತೊಡಗಿತ್ತು. ಎದ್ದು ಬಡಿಸಲು ಹೋಗಿ ತಂಬಿಗೆಗೆ ಕಾಲು ತಾಗಿಸಿಕೊಂಡರು. ಇವರನ್ನು ಬಿಟ್ಟು ಹೋಗುತ್ತೇನೆಂದು ಹೇಳುವುದು ಹೇಗೆ ಎಂದು ಯೋಚಿಸುತ್ತ ಅವನು ಚೆಲ್ಲಿದ ನೀರು ಒರೆಸಿದ.

ಇಳಕಲ್ಲಿನಲ್ಲಿ ಸಂಘದವರು ಇಳಿದುಕೊಳ್ಳುತ್ತಿದ್ದದ್ದು ವಿರೂಪಾಕ್ಷಪ್ಪನೆಂಬ ನೇಕಾರನ ಮನೆಯಲ್ಲಿ. ನಡುಮನೆಯಲ್ಲಿ ಎರಡು ಕುಣಿಮಗ್ಗ, ಮೇಲೆ ಅಟ್ಟದಲ್ಲಿ ಅತಿಥಿಗಳಿಗೆ ಚಾಪೆ. ಬೆಳಗಾದರೆ ಮಗ್ಗದ ಸಪ್ಪಳದಿಂದಲೇ ಎಚ್ಚರ. ವಿರೂಪಾಕ್ಷಪ್ಪನ ಮಗಳು ಶಿವಲಿಂಗವ್ವ ರಾಟೆಯಲ್ಲಿ ಕಂಡಿಕೆಗೆ ನೂಲು ಸುತ್ತುತ್ತ ಪಡಸಾಲೆಯಲ್ಲಿ ಕೂತಿರುತ್ತಿದ್ದಳು. ವರ್ಷಕ್ಕೊಮ್ಮೆ ಬರುವ ಅಂದಾನಪ್ಪನಿಗೆ ಚಹಾ ಕೊಟ್ಟು ಮಾತಾಡುವಷ್ಟು ಸಲಿಗೆ ಬೆಳೆದಿತ್ತು. ಎಂಬತ್ತರ ಚಳಿಗಾಲದಲ್ಲಿ, ಭಾಷಣದ ಮರುದಿನ ಬೆಳಿಗ್ಗೆ, ಅವಳು ರಾಟೆ ತಿರುಗಿಸುವುದನ್ನು ನಿಲ್ಲಿಸದೆ ಹೇಳಿದಳು:

“ನೀವು ವರ್ಷಾ ಅದ ಮಾತಿಗೆ ಅಳ್ತೀರಿ. ಖರೆ ದುಃಖಾದಾವ್ರು ಹಂಗ ಅಳೂದಿಲ್ಲ.”

ಅಂದಾನಪ್ಪ ಚಹಾದ ಬಸಿ ಕೆಳಗಿಟ್ಟ. ಅಷ್ಟು ವರ್ಷಗಳಲ್ಲಿ ಅವನನ್ನು ಹಿಡಿದವಳು ಅವಳೊಬ್ಬಳೇ. ಅವನು ಅವಳಿಗೆ ಎಲ್ಲ ಹೇಳಿದ. ತಾಯಿ ಬದುಕಿರುವುದು, ಪರದೆ, ಸೋಡಾ. ಹೇಳುತ್ತಿದ್ದ ಹಾಗೆ ಎದೆಯ ಮೇಲಿನ ಕಲ್ಲು ಸರಿದ ಹಾಗಾಯಿತು, ಮತ್ತು ಅವಳು ನಕ್ಕಳು. ವಾಂತಿಯ ಮಾತಿಗೆ ನಕ್ಕಳು. ಅವನು ಅಂದೇ ಸಂಜೆ ವಿರೂಪಾಕ್ಷಪ್ಪನ ಮುಂದೆ ಕೂತು ಅವಳನ್ನು ಕೇಳಿದ.

ವಿರೂಪಾಕ್ಷಪ್ಪ ಒಳ್ಳೆಯ ಮನುಷ್ಯ. ಮಗ್ಗದ ಕುಣಿಯಿಂದ ಮೇಲೆದ್ದು ಬಂದು, ಬಹಳ ಹೊತ್ತು ಹೆಗಲ ಮೇಲಿನ ವಸ್ತ್ರದಿಂದ ಕೈ ಒರೆಸಿಕೊಂಡ.

“ನೀ ಈಗ ಚಲೋ ಅದಿ, ನನಗ ಗೊತ್ತು. ಆದ್ರ ತಾಯೀನ್ನ ಕೊಂದವಗ ಮಗಳನ್ನ ಹೆಂಗ ಕೊಡ್ಲಿ?”

“ನಮ್ಮವ್ವ ಬದುಕ್ಯಾಳ್ರಿ.”

“ಹಂಗಾದ್ರ ನೀ ಸುಳ್ಳ ಹೇಳಾಂವ. ಸುಳ್ಳ ಹೇಳಾವಗ ಹೆಂಗ ಕೊಡ್ಲಿ?”

ಅಂದಾನಪ್ಪನಿಗೆ ಯಾವ ಕಡೆಗೆ ಹೋದರೂ ಗೋಡೆ. ಅಟ್ಟದ ಮೇಲೆ ಮಾಸ್ತರರು ಕೆಮ್ಮುತ್ತಿದ್ದದ್ದು ಕೇಳಿಸುತ್ತಿತ್ತು. ಮರುದಿನ ಹೊರಡುವ ಮುಂಚೆ ಶಿವಲಿಂಗವ್ವ ಬಾಗಿಲ ಮರೆಯಲ್ಲಿ ನಿಂತು ಒಂದು ದಾರಿ ಹೇಳಿದಳು. ಎಲ್ಲಿ ಸುಳ್ಳು ಹೇಳಿದಿರೋ ಅದೇ ಮೈದಾನದಲ್ಲಿ, ಅದೇ ಮಂದಿಯ ಮುಂದೆ ನಿಜ ಹೇಳಿರಿ, ತಾಯಿಯನ್ನೂ ಕರೆತನ್ನಿರಿ, ಆಗ ಅಪ್ಪನಿಗೆ ಅಡ್ಡ ಹೇಳಲು ಏನೂ ಉಳಿಯುವುದಿಲ್ಲ. ಮುಂದಿನ ವರ್ಷದ ತನಕ ಅಪ್ಪನನ್ನು ತಡೆದಿಡುವುದು ತನ್ನ ಪಾಲಿನದು ಎಂದಳು.

ಆ ವರ್ಷವಿಡೀ ಅಂದಾನಪ್ಪ ಆ ಒಂದು ಮಾತಿನ ಮೇಲೆ ಬದುಕಿದ. ಮಾಸ್ತರರಿಗೆ ಹೇಳಲಿಲ್ಲ. ಹೇಳಿದರೆ ಅವರು ಇಳಕಲ್ಲನ್ನೇ ಬಿಟ್ಟು ಬೇರೆ ಊರು ಹಿಡಿದಾರು ಎಂಬ ಹೆದರಿಕೆ ಒಂದು. ಅವರ ಮಂಜು ಕಣ್ಣಿನ ಮುಂದೆ ನಿಂತು ಹೇಳುವ ಧೈರ್ಯ ಇರಲಿಲ್ಲವೆಂಬುದು ಇನ್ನೊಂದು. ಶಾಬುದ್ದೀನನಿಗೆ ಮಾತ್ರ ಹೇಳಿದ. ಅವನು ತಂತಿ ಸುತ್ತುತ್ತ, “ನಾ ಏನ ಮಾಡ್ಲಿ?” ಎಂದು ಕೇಳಿದ. ಯಾರು ಕೈ ಮಾಡಿದರೂ ಮೈಕು ಬಂದ್ ಮಾಡಬೇಡ ಎಂದು ಅಂದಾನಪ್ಪ ಹೇಳಿದ. ಅವನು ಒಪ್ಪಿದ.

ಮರುವರ್ಷ ಇಳಕಲ್ಲಿನ ಸಭೆಗೆ ಮಾಸ್ತರರೂ ಶಾಬುದ್ದೀನನೂ ಬೆಳಿಗ್ಗೆಯೇ ಹೋದರು. ಅಂದಾನಪ್ಪ ಹಳ್ಳಿಗೆ ಹೋಗಿ ಬರುತ್ತೇನೆಂದು ಹೇಳಿ, ತಾಯಿಯನ್ನು ಕರೆದುಕೊಂಡು ಮಧ್ಯಾಹ್ನದ ಬಸ್ಸು ಹತ್ತಿದ. ಗುರುಲಿಂಗವ್ವ ಮದುವೆಗೆ ಹೋಗುವವಳಂತೆ ಪೆಟ್ಟಿಗೆಯ ತಳದ ಕೆಂಪು ಸೆರಗಿನ ಸೀರೆ ಉಟ್ಟಿದ್ದಳು. ಮಗ ಭಾಷಣ ಮಾಡುವುದನ್ನು ಅವಳು ಒಮ್ಮೆಯೂ ಕೇಳಿರಲಿಲ್ಲ. ಬಸ್ಸು ಹುನಗುಂದ ದಾಟಿದ ಮೇಲೆ ಅವನು ಎದುರಿನ ಸೀಟಿನ ಕಬ್ಬಿಣ ಹಿಡಿದುಕೊಂಡು, ಊರೂರಲ್ಲಿ ತಾನು ಹೇಳುತ್ತ ಬಂದದ್ದನ್ನು ಅವಳಿಗೆ ಹೇಳಿದ. ಅವಳು ಸೆರಗು ಬಾಯಿಗೆ ಹಿಡಿದು ಕೇಳಿದಳು. ಅಳುತ್ತಾಳೆಂದುಕೊಂಡ. ಅಳಲಿಲ್ಲ.

“ಎಷ್ಟ ವರ್ಷಾತು ನಾ ಸತ್ತು?”

“ಐದಾರ ವರ್ಷಾತವ್ವ.”

ಅವಳು ಬಾಯಿಂದ ಸೆರಗು ತೆಗೆದು ಮತ್ತೆ ಕೇಳಿದಳು. “ಕೇಳಿದಾವ್ರು ಅಳ್ತಾರೇನು?”

“ಅಳ್ತಾರ.”

ಮುಂದೆ ಇಳಕಲ್ಲು ಬರುವ ತನಕ ಅವಳು ಸೆರಗಿನ ಅಂಚು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ಕೂತಳು.

ಮೈದಾನ ತುಂಬಿತ್ತು. ಹುಡುಗರಲ್ಲದೆ ಓಣಿಯ ನೇಕಾರರು, ಹೆಂಗಸರು ಸಹ ಬಂದಿದ್ದರು. ವಿರೂಪಾಕ್ಷಪ್ಪ ಮುಂದಿನ ಸಾಲಿನಲ್ಲಿ ಕೂತಿದ್ದ. ಹೆಂಗಸರ ಗುಂಪಿನಲ್ಲಿ ಶಿವಲಿಂಗವ್ವನ ಪಕ್ಕ ಅಂದಾನಪ್ಪ ತಾಯಿಯನ್ನು ಕೂಡಿಸಿದ. ಮಾಸ್ತರರಿಗೆ ಅಷ್ಟು ದೂರದ ಮುಖಗಳು ಕಾಣುತ್ತಿರಲಿಲ್ಲ. ಅವರು ಎಂದಿನಂತೆ ಮಾತಾಡಿದರು, ಕನ್ನಡಕ ಒರೆಸಿದರು, ಜೀವಂತ ಉದಾಹರಣೆ ಎಂದು ಪಕ್ಕಕ್ಕೆ ಕೈ ಮಾಡಿದರು.

ಅಂದಾನಪ್ಪ ಎದ್ದು ನಿಂತು ನಿಜ ಹೇಳಿದ. ತಾನು ಕುಡುಕನಾಗಿರಲಿಲ್ಲ, ಇಸ್ಪೀಟಿನ ಎಲೆ ಮುಟ್ಟಿಲ್ಲ, ನಾಟಕದ ಹುಚ್ಚಿಗೆ ಮನೆ ಬಿಟ್ಟು ಹೋಗಿದ್ದೆ, ಪರದೆ ಎಳೆದೆ, ಜ್ವರ ಬಂತು, ಮಾಸ್ತರರು ಉಳಿಸಿದರು, ತನ್ನ ತಾಯಿ ಸತ್ತಿಲ್ಲ. ಎಷ್ಟೋ ವರ್ಷಗಳ ಮೇಲೆ ಅವನ ದನಿ ಯಾವ ಏರಿಳಿತವೂ ಇಲ್ಲದೆ ಬಂತು. ಮೈದಾನಕ್ಕೆ ಅದು ಹಿಡಿಸಲಿಲ್ಲ. ಹಿಂದಿನ ಸಾಲಿನಿಂದ ಒಬ್ಬ ಸಿಳ್ಳೆ ಹಾಕಿದ. ಹುಡುಗರು ನಗತೊಡಗಿದರು. ಮಾಸ್ತರರು ಶಾಬುದ್ದೀನನ ಕಡೆ ಕೈ ಮಾಡಿದರು. ಅವನು ಭೋಂಗಾದ ಕಡೆ ಮುಖ ಎತ್ತಿ ನೋಡುತ್ತ ಕೂತ. ಆಗ ಅವರು ತಾವೇ ಎದ್ದು, ತಡವರಿಸುತ್ತ ಬಂದು ಮೈಕು ಹಿಡಿದರು. ಅವರ ದನಿ ಮೆತ್ತಗಿತ್ತು, ತಂದೆಯದಾಗಿತ್ತು.

“ನೋಡ್ರಿ ಮಕ್ಕಳ, ಒಮ್ಮೆ ಜಾರಿದ ಮನಸ್ಸು ಇಷ್ಟ ವರ್ಷದ ಮ್ಯಾಲೂ ಹೆಂಗ ಹೊಯ್ದಾಡ್ತೈತಿ. ಇವತ್ತ ಇವನಿಗೆ ನಾಚಿಕಿ ಬಂದೈತಿ. ಮಾಡಿದ್ದನ್ನ ಮಾಡಿಲ್ಲಾ ಅಂತಾನ. ಇವನ ಮ್ಯಾಲೆ ಸಿಟ್ಟಾಗಬ್ಯಾಡ್ರಿ.”

ನಗು ನಿಂತಿತು. ಹುಡುಗರು ಅಂದಾನಪ್ಪನನ್ನು ಕನಿಕರದಿಂದ ನೋಡಿದರು. ಅವನು ಹೇಳಿದ ನಿಜವೂ ಈಗ ಅವನ ಪಾಪಗಳಲ್ಲಿ ಒಂದಾಗಿ ಸೇರಿಕೊಂಡಿತ್ತು. ಅವನು ಹೆಂಗಸರ ಕಡೆಗೆ ತಿರುಗಿ, “ಅವ್ವಾ, ಎದ್ದ ಬಾ” ಎಂದು ಕರೆದ.

ಗುರುಲಿಂಗವ್ವ ಎದ್ದಳು. ತಲೆಯ ಮೇಲೆ ಸೆರಗು ಸರಿಮಾಡಿಕೊಂಡು, ಮಂದಿಯ ನಡುವೆ ದಾರಿ ಮಾಡಿಕೊಂಡು ಬಂದಳು. ತೀರ ಹತ್ತಿರ ಬಂದ ಮೇಲೆ ಮಾಸ್ತರರು ಅವಳನ್ನು ಗುರುತಿಸಿದರು. ಮೈಕು ಬಿಟ್ಟು ಒಂದು ಹೆಜ್ಜೆ ಹಿಂದೆ ಸರಿದರು. ಅವರ ಜೀವಮಾನದ ಮರ್ಯಾದೆ ಆ ಹಳ್ಳಿಯ ಹೆಂಗಸಿನ ಒಂದು ಮಾತಿನಲ್ಲಿತ್ತು. ಅವಳು ಬಗ್ಗಿ ಮೊದಲು ಅವರ ಪಾದ ಮುಟ್ಟಿದಳು. ಆಮೇಲೆ ಮೈಕಿನ ಮುಂದೆ ನಿಂತಳು. ತನ್ನ ಉಸಿರು ಗಿಡದ ಮೇಲಿನಿಂದ ಕೇಳಿದ್ದಕ್ಕೆ ಒಮ್ಮೆ ಬೆಚ್ಚಿ, ಮತ್ತೆ ಸಾವರಿಸಿಕೊಂಡಳು.

“ಇವ್ನ ತಾಯಿ ನಾನ ಅದೇನಿ. ಇಂವಾ ಮನಿ ಬಿಟ್ಟ ಹೋದ ಮ್ಯಾಲೆ ನಾ ಸತ್ತ ಹೋಗಿದ್ದೆ. ಒಲಿ ಹಚ್ಚಲಿಲ್ಲ, ತಲಿ ಬಾಚಲಿಲ್ಲ. ಓಣ್ಯಾಗಿನ ಹೆಂಗಸ್ರು ಬಂದ ಬಂದ ಕುಂತ ಹೋಗ್ತಿದ್ರು, ಹೆಣದ ಮುಂದ ಕುಂತ್ಹಂಗ. ನನ್ನ ಮಗಾ ಸುಳ್ಳ ಹೇಳಿಲ್ಲ. ಈ ಮಾಸ್ತರ್ರು ಇವನ್ನ ತಂದ ನನ್ನ ಉಡ್ಯಾಗ ಹಾಕಿದ್ರು, ಅವತ್ತ ನಾ ಎದ್ದ ಕುಂತೆ.”

ಅಷ್ಟು ಹೇಳಿ ಅವಳು ಸುಮ್ಮನಾದಳು. ಎಲ್ಲಿ ಸುಮ್ಮನಾಗಬೇಕೆಂಬುದು ಅವಳಿಗೆ ಗೊತ್ತಿತ್ತು. ಹೆಂಗಸರ ಗುಂಪಿನಿಂದ ಅಳು ಎದ್ದಿತು. ಅದು ಹುಡುಗರಿಗೆ ಹಬ್ಬಿತು. ಸಿಳ್ಳೆ ಹಾಕಿದವನೇ ಮೊಣಕಾಲಲ್ಲಿ ಮುಖ ಹುದುಗಿಸಿದ್ದ. ಮಾಸ್ತರರು ಎರಡೂ ಕೈ ಜೋಡಿಸಿ ನಿಂತಿದ್ದರು, ಕಣ್ಣೀರು ಗಡ್ಡಕ್ಕೆ ಇಳಿಯುತ್ತಿತ್ತು. ಸಂಘ ಹುಟ್ಟಿದಾಗಿನಿಂದ ಅಂಥ ಸಭೆ ಆಗಿರಲಿಲ್ಲ.

ಅಂದಾನಪ್ಪ ತಾಯಿಯ ಪಕ್ಕದಲ್ಲಿ ನಿಂತೇ ಇದ್ದ. ಅವನು ಅವಳ ಮೇಲೆ ಸಿಟ್ಟಾಗಲು ನೋಡಿದ, ಆಗಲಿಲ್ಲ. ಒಲೆ ಹಚ್ಚದೆ ಇದ್ದದ್ದು, ಓಣಿಯ ಹೆಂಗಸರು ಬಂದು ಕೂತದ್ದು ಅವನಿಗೆ ಈತನಕ ಗೊತ್ತೇ ಇರಲಿಲ್ಲ. ಅವಳು ಹೇಳಿರಲಿಲ್ಲ, ಅವನು ಕೇಳಿರಲಿಲ್ಲ. ಬಾದಾಮಿಯ ಮೈದಾನದಲ್ಲಿ ಬಾಯಿಗೆ ಬಂದದ್ದನ್ನು ಹೇಳಿದ್ದೆನೆಂದು ಅವನು ತಿಳಿದಿದ್ದ. ಅದು ಬಾಯಿಗೆ ಬರುವ ಎಷ್ಟೋ ಮೊದಲೇ ಆ ಮನೆಯೊಳಗೆ ನಡೆದುಹೋಗಿತ್ತು. ಇನ್ನು ಯಾವುದನ್ನು ಸುಳ್ಳೆಂದು ಹೇಳಿ ಬಿಡಿಸಿಕೊಳ್ಳುವುದು?

ಸಭೆ ಚದುರಿದ ಮೇಲೆ ವಿರೂಪಾಕ್ಷಪ್ಪ ಬಂದು ಗುರುಲಿಂಗವ್ವನಿಗೆ ಕೈ ಮುಗಿದ. ಅವಳನ್ನು ಮನೆಗೆ ಊಟಕ್ಕೆ ಕರೆದ. ಆಮೇಲೆ ಅಂದಾನಪ್ಪನನ್ನು ಒಂದು ಬದಿಗೆ ಕರೆದುಕೊಂಡು ಹೋಗಿ, ನೆಲ ನೋಡುತ್ತ ನಿಂತ.

“ನೀ ಕುಡದಿಲ್ಲಂತ ನನಗ ಅನಸ್ತೈತಿ. ಆದ್ರ ಮಂದಿ ಎಲ್ಲಾ ಕೇಳ್ಯಾರ, ಈಗ ನಿಮ್ಮವ್ವನೂ ಹೇಳ್ಯಾಳ. ನಾಳೆ ಬೀಗರು ಬಂದು ಕೇಳಿದ್ರ ನಾ ಯಾವುದ ಖರೆ ಅಂತ ಹೇಳಲಿ, ಅಂದಾನಪ್ಪ?”

ಆ ಸಂಜೆ ಊಟಕ್ಕೆ ಕೂತಾಗ ಶಿವಲಿಂಗವ್ವ ಬಡಿಸಿದಳು. ಅವನ ತಟ್ಟೆಗೆ ರೊಟ್ಟಿ ಹಾಕುವಾಗ ಅವಳ ಕಣ್ಣು ಕೆಂಪಾಗಿದ್ದದ್ದು ಕಂಡಿತು. ಅವಳೂ ಮಂದಿಯ ಜೊತೆ ಅತ್ತಿದ್ದಳೋ, ತನಗಾಗಿ ಅತ್ತಿದ್ದಳೋ ಅವನಿಗೆ ತಿಳಿಯಲಿಲ್ಲ. ಕೇಳಲು ಎಡೆಯೂ ಸಿಗಲಿಲ್ಲ. ಬೇಸಿಗೆಯಲ್ಲಿ ಅವಳನ್ನು ಗುಳೇದಗುಡ್ಡದ ಒಬ್ಬ ನೇಕಾರನಿಗೆ ಕೊಟ್ಟರೆಂಬ ಸುದ್ದಿಯನ್ನು ಶಾಬುದ್ದೀನನೇ ತಂದ. ಆ ಮದುವೆಗೆ ಭೋಂಗಾ ಕಟ್ಟಿದವನು ಅವನೇ ಆಗಿದ್ದ.

ಆದರೆ ಅದು ಆಮೇಲಿನ ಮಾತು. ಸಭೆಯ ಮರುದಿನ ಬೆಳಿಗ್ಗೆ ಇಳಕಲ್ಲಿನ ಬಸ್‌ಸ್ಟ್ಯಾಂಡಿನಲ್ಲಿ ಅಂದಾನಪ್ಪ ತಾಯಿಗೆ ಹಳ್ಳಿಯ ಬಸ್ಸು ಯಾವುದೆಂದು ವಿಚಾರಿಸಲು ಹೊರಟಾಗ ಮಾಸ್ತರರು ತಡೆದರು. ನಿನ್ನೆಯದರ ಬಗ್ಗೆ ಅವರು ಒಂದು ಮಾತೂ ಬೈದಿರಲಿಲ್ಲ. ಬದಲಿಗೆ, ತಂಗಿ ಗುರುಲಿಂಗವ್ವ ಒಪ್ಪಿದರೆ ಬಾದಾಮಿಗೂ ಬರಲಿ, ಬಾಗಲಕೋಟೆಯ ಕಾಲೇಜಿಗೂ ಬರಲಿ, ತಾಯಿಯ ಬಾಯಿಂದ ಕೇಳಿದರೆ ಅದರ ತೂಕವೇ ಬೇರೆ ಎಂದರು. ಅಂದಾನಪ್ಪ ತಾಯಿಯ ಕಡೆ ನೋಡಿದ. ಬೇಡವೆನ್ನು ಎಂದು ಕಣ್ಣಿನಲ್ಲೇ ಬೇಡಿಕೊಂಡ.

ಗುರುಲಿಂಗವ್ವ ಅವನನ್ನು ನೋಡಲಿಲ್ಲ. ಮಾಸ್ತರರು ಹೇಳಿದ ಮೇಲೆ ತನ್ನದೇನು ಎಂದಳು. ಅಣ್ಣನ ಮನೆಯ ಒಲೆಯ ಮುಂದೆ ಮುದುಕಿಯಾದವಳಿಗೆ ನಿನ್ನೆ ಕುರ್ಚಿ ಹಾಕಿ ಕೂಡಿಸಿದ್ದರು. ಹೆಂಗಸರು ಕೈ ಹಿಡಿದು ಮಾತಾಡಿಸಿದ್ದರು. ಬಾದಾಮಿ ಅವಳು ಕಂಡದ್ದಿಲ್ಲ. ಬಾಗಲಕೋಟೆಯ ಬಸ್ಸು ಬಂದಾಗ ಅವಳೇ ಮುಂದಾಗಿ ಹತ್ತಿ ಕಿಟಕಿಯ ಪಕ್ಕ ಕೂತಳು. ಮಾಸ್ತರರು ಅಂದಾನಪ್ಪನ ತೋಳು ಹಿಡಿದುಕೊಂಡು ಮೆಟ್ಟಿಲು ಹತ್ತಿದರು, ಕೂತ ಮೇಲೂ ಕೈ ಬಿಡಲಿಲ್ಲ.

ಊರು ಹಿಂದೆ ಬಿದ್ದು ಕರಿ ಹೊಲಗಳು ಶುರುವಾದವು. ಬಿಳಿಜೋಳ ಹಾಲುಗಾಳು ಹಿಡಿದಿತ್ತು. ಗುರುಲಿಂಗವ್ವ ಹಿಂದಕ್ಕೆ ತಿರುಗಿ, ನಿನ್ನೆ ಒಂದು ಮಾತು ಹೇಳುವುದು ಮರೆತೆ ಎಂದಳು. ಮಗ ಹೋದ ಮೇಲೆ ಅವನ ಹಳೆಯ ಅಂಗಿಯನ್ನು ದಿನಾ ತೊಳೆದು ಒಣಹಾಕುತ್ತಿದ್ದೆ, ಅದನ್ನೂ ಹೇಳಲೇ ಎಂದು ಮಾಸ್ತರರನ್ನು ಕೇಳಿದಳು. ಅವರು ಅವಶ್ಯ ಹೇಳು ತಂಗಿ ಎಂದರು.

ಅದು ನಡೆದದ್ದೋ, ಈಗ ಹೊಳೆದದ್ದೋ ಎಂದು ಅಂದಾನಪ್ಪ ಅವಳ ಮುಖವನ್ನು ಹುಡುಕಿದ. ಅವಳು ಮತ್ತೆ ಕಿಟಕಿಗೆ ತಿರುಗಿದ್ದಳು. ಗಾಳಿಗೆ ಸೆರಗು ಹಾರುತ್ತಿತ್ತು, ತುಟಿಗಳು ಸದ್ದಿಲ್ಲದೆ ಅಲುಗುತ್ತಿದ್ದವು. ಒಂದು ಮಾತನ್ನು ಒಮ್ಮೆ ಹೀಗೆ, ಒಮ್ಮೆ ಹಾಗೆ ಹೇಳಿ ನೋಡುತ್ತಿದ್ದಳು. ನಾಟಕದ ಹುಚ್ಚು ತನಗೆ ಯಾರ ಕಡೆಯಿಂದ ಬಂತೆಂದು ಅವನು ಹಿಂದೆಂದೂ ಯೋಚಿಸಿರಲಿಲ್ಲ.

“ಬಾದಾಮ್ಯಾಗ ಹೆಂಗಸ್ರು ಭಾಳ ಬರ್ತಾರೇನೋ?” ಎಂದು ಅವಳು ಹೊರಗೆ ನೋಡುತ್ತಲೇ ಕೇಳಿದಳು.

“ಬರ್ತಾರ” ಎಂದ ಅಂದಾನಪ್ಪ.